ಆಗಿ ಹುಣ್ಣಿಮೆಯ ಅಪ್ಪ

ವರ್ಷದಲ್ಲಿ ಒಂದು ದಿನ ನಮ್ಮಪ್ಪ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಹೊತ್ತು ಮೂಡುವ ಮೊದಲೇ ಕೌದಿಯ ಅಂಚು ಎತ್ತಿ, "ಏಳ್ರಿ ಸುಜಾತಾಬಾಯಾರ, ಹೊಳಿಗೆ ಹೋಗೂದೈತಿ," ಎನ್ನುತ್ತಿದ್ದ. ಮೊದಲ ಸಲ ನಾನು ಐದು ವರ್ಷದವಳು. ಬಾಯಾರು ಎಂದರೆ ಆಲಮೇಲದ ಸಾಲೆಯಲ್ಲಿ ಕಲಿಸುವ, ಕಾಲಿಗೆ ಚಪ್ಪಲಿ ಇರುವ ಹೆಂಗಸು ಎಂದಷ್ಟೇ ನನಗೆ ಗೊತ್ತಿತ್ತು. ಅಪ್ಪ ಯಾರನ್ನು ಎಬ್ಬಿಸುತ್ತಿದ್ದಾನೆ ಎಂದು ಆಚೀಚೆ ನೋಡುತ್ತಿದ್ದೆ.

ಅವನನ್ನು ಯಾರೂ ಹಾಗೆ ಕರೆದವರಲ್ಲ. ಗೌಡರ ಮನೆಯ ಸಣ್ಣ ಮಕ್ಕಳೂ "ಮಲ್ಲ್ಯಾ" ಎನ್ನುತ್ತಿದ್ದರು. ಮಲ್ಲಪ್ಪ ಎಂಬ ಪೂರ್ತಿ ಹೆಸರನ್ನು ಅವ್ವ ಹೇಳುವಂತಿರಲಿಲ್ಲ, ಊರು ಹೇಳುತ್ತಿರಲಿಲ್ಲ. ಎತ್ತರದ ಆಳು, ಮುಖದ ತುಂಬ ಮೈಲಿಬೇನೆಯ ಕಲೆ. ನಡೆಯುವಾಗ ಸ್ವಲ್ಪ ಬಾಗಿರುತ್ತಿದ್ದ. ಬೇನೆಯಿಂದಲ್ಲ, ಊರೊಳಗೆ ಹಾಗೆ ನಡೆದು ನಡೆದು ಬಂದ ರೂಢಿ. ಹೊಳೆಯ ದಾರಿಗೆ ಬಿದ್ದ ಮೇಲೆ ಬೆನ್ನು ನೆಟ್ಟಗಾಗುತ್ತಿತ್ತು.

ನಮ್ಮೂರು ಆಲಮೇಲದಿಂದ ನಡೆದು ಹೋಗುವಷ್ಟು ದೂರದಲ್ಲಿ, ಭೀಮಾ ನದಿಯ ಈ ದಂಡೆಗೆ ಇತ್ತು. ನಮ್ಮ ಕೇರಿ ಊರಬಾಗಿಲಿನ, ಅಂದರೆ ಅಗಸಿಯ, ಹೊರಗೆ. ಅಪ್ಪನ ಕೆಲಸ ಚರ್ಮದ ಹಲಗೆ ಬಾರಿಸುವುದು. ಊರಲ್ಲಿ ಯಾರು ಸತ್ತರೂ, ಯಾರ ಮದುವೆಯಾದರೂ, ದೇವರು ಹೊರಟರೂ, ಎತ್ತು ಹೊರಟರೂ ಮುಂದೆ ಅಪ್ಪ ಇರಬೇಕು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದ. ವರ್ಷದ ರೊಟ್ಟಿ ಅದರಲ್ಲೇ ಆಗಬೇಕಿತ್ತು. ಅವನ ಕೈ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತಂತೆ. ನಾನು ತಿಳುವಳಿಕೆ ಬರುವ ಮೊದಲು ಕೇಳಿರಬೇಕು, ನೆನಪಿಲ್ಲ.

ನಾಗಪುರದಲ್ಲಿ ನಮ್ಮಂಥ ಜನ ರಾಶಿ ರಾಶಿಯಾಗಿ ಬೌದ್ಧರಾದ ಸುದ್ದಿಯನ್ನು ನಮ್ಮ ಕೇರಿಗೆ ತಂದವನು ಸೊಲ್ಲಾಪುರದ ಗಿರಣಿಯಲ್ಲಿದ್ದ ನನ್ನ ಸೋದರಮಾವ. ಕೆಲವು ತಿಂಗಳ ಮೇಲೆ ಇಂಡಿಗೆ ಒಬ್ಬ ಭಿಕ್ಕು ಬರುತ್ತಾರೆಂದು ತಿಳಿಯಿತು. ಕೇರಿಯ ಐದಾರು ಮನೆಯ ಗಂಡಸರು ಹೋದರು. ಅಪ್ಪ ಹೋಗುವಾಗ ಕಂಬಳಿ ಹೊದ್ದು ಹೋದವನು, ಬರುವಾಗ ಬಿಳಿ ಧೋತರ ಉಟ್ಟು, ಕನ್ನಡಿ ಹಾಕಿದ ಬುದ್ಧನ ಪಟವನ್ನು ಎದೆಗವಚಿಕೊಂಡು ಬಂದ. ಬಂದವನೇ ಗೂಟದ ಮೇಲಿನ ಹಲಗೆ ಇಳಿಸಿ, ಕುಡಗೋಲಿನಿಂದ ಚರ್ಮ ಸೀಳಿದ. ಉಳಿದ ಕಟ್ಟಿಗೆಯ ಬಳೆಯನ್ನು ಅವ್ವ ಕೋಳಿ ಮುಚ್ಚುವ ಬುಟ್ಟಿಯ ಮೇಲೆ ಭಾರಕ್ಕೆ ಇಟ್ಟಳು. ಅದೇ ದಿನ ನನ್ನ ಹೆಸರೂ ಹೋಯಿತು. ದುರಗಿ ಇದ್ದವಳು ಸುಜಾತಾ ಆದೆ. ಬುದ್ಧ ಉಪವಾಸದಿಂದ ಎಲುಬಿನ ಗೂಡಾಗಿ ಕುಳಿತಾಗ ಅವನಿಗೆ ಪಾಯಸ ಕೊಟ್ಟ ಹೆಣ್ಣುಮಗಳ ಹೆಸರು ಅದು ಎಂದು ಅಪ್ಪ ಹೇಳಿದ. ಅವ್ವನಿಗೆ ನಾಲಿಗೆ ಹೊರಳಲಿಲ್ಲ. ಬಹಳ ದಿನ "ಸುಜ್ಜಿ" ಎನ್ನುತ್ತಿದ್ದಳು.

ವೈಶಾಖದ ಹುಣ್ಣಿಮೆ ಊರವರಿಗೆ ಆಗಿ ಹುಣ್ಣಿಮೆ. ಅಪ್ಪನಿಗೆ ಅಂದಿನಿಂದ ಅದು ಬುದ್ಧನ ಹುಣ್ಣಿಮೆಯಾಯಿತು. ಬುದ್ಧ ಹುಟ್ಟಿದ್ದು, ಅವನಿಗೆ ಅರಿವಾದದ್ದು, ಅವನು ತೀರಿಕೊಂಡದ್ದು ಮೂರೂ ಅದೇ ದಿನ ಎಂದು ಭಿಕ್ಕು ಹೇಳಿದ್ದರಂತೆ. ಮೂರೂ ಒಂದೇ ದಿನಕ್ಕೆ ಹೇಗೆ ಬಂದವು ಎಂದು ಅವ್ವ ಕೇಳಿದಳು. ದೊಡ್ಡವರ ಲೆಕ್ಕ ದೊಡ್ಡದಿರುತ್ತದೆ ಎಂದು ಅಪ್ಪ ಮಾತು ಹಾರಿಸಿದ.

ಆ ಮೊದಲ ಹುಣ್ಣಿಮೆ ನನಗೆ ಇನ್ನೂ ಸ್ಪಷ್ಟವಾಗಿದೆ. ಅಪ್ಪ ತನ್ನ ಧೋತರದ ಅರ್ಧ ಹರಿದು ನನಗೆ ಬಿಳಿ ಲಂಗ ಹೊಲಿಸಿದ್ದ. ಬೇಸಿಗೆಯ ಭೀಮೆ ಉಸುಕಿನ ನಡುವೆ ಸಣ್ಣಗೆ ಹರಿಯುತ್ತಿದ್ದಳು. ಗೌಡರ ದನಗಳ ಮೈ ತೊಳೆಯುವ ಜಾಗ ದಾಟಿ, ಅದರ ಕೆಳಗೆ ನಾವು ಇಳಿಯಬೇಕಿತ್ತು. ಸ್ನಾನವಾದ ಮೇಲೆ ಅಪ್ಪ ಪಟವನ್ನು ಜಾಲಿ ಗಿಡದ ಬುಡಕ್ಕೆ ಆನಿಸಿದ. ಅರಳೀಮರವೇ ಬೇಕಂತೆ, ಆದರೆ ಊರಿನ ಅರಳೀಮರ ಗುಡಿಯ ಕಟ್ಟೆಯ ಮೇಲಿತ್ತು. ಅದಕ್ಕೆ ಅಪ್ಪ ಜಾಲಿಯ ಮುಳ್ಳನ್ನೆಲ್ಲ ಕಾಲಿನಿಂದ ಸರಿಸಿ, "ನಮಗ ಇದ ಅರಳಿಗಿಡ," ಎಂದ.

ಇಂಡಿಗೆ ಹೋಗಿದ್ದ ಉಳಿದ ಮನೆಯವರೂ ದಂಡೆಯಲ್ಲಿ ಅಲ್ಲಲ್ಲಿ ಕುಳಿತಿದ್ದರು. ನಾನೂ ಅಪ್ಪನೂ ಕೈ ಮುಗಿದು ಕುಳಿತೆವು. ಬುದ್ಧಂ ಸರಣಂ ಎಂದು ಅವನು ಹೇಳಿದ್ದನ್ನು ನಾನು ಹೇಳಿದೆ. ಮುಂದೆ ಐದು ಶೀಲಗಳು. ಪಾಲಿಯ ಮಾತು ಎರಡನೆಯದಕ್ಕೇ ತಡವರಿಸಿತು, ಉಳಿದದ್ದನ್ನು ಅವನು ನಮ್ಮ ಮಾತಿನಲ್ಲೇ ಹೇಳಿಕೊಟ್ಟ. ಜೀವ ತೆಗೆಯಬಾರದು, ಕದಿಯಬಾರದು, ಸುಳ್ಳು ಹೇಳಬಾರದು, ಸೆರೆ ಕುಡಿಯಬಾರದು. ಬೆರಳು ಮಡಿಚಿ ನೋಡಿದ ನಾನು ನಡುವೆ ಒಂದು ಬಿಟ್ಟುಹೋಯಿತಲ್ಲ ಎಂದೆ. "ಅದು ಬಾಯಾರು ದೊಡ್ಡವರಾದ ಮ್ಯಾಲಿಂದೈತ್ರಿ, ಮುಂದ ನಡೀರಿ," ಎಂದ. ಸ್ವಲ್ಪ ದೂರದಲ್ಲಿ ತಂಬಾಕು ತಿಕ್ಕುತ್ತ ಕುಳಿತಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆಮೇಲೆ ನಮ್ಮ ಆಟ. ಅಪ್ಪ ಕಣ್ಣು ಮುಚ್ಚಿ, ಹೊಟ್ಟೆ ಒಳಗೆಳೆದು, ಎಲುಬು ಕಾಣುವಂತೆ ಕುಳಿತ. ಹೊಟ್ಟೆ ಒಳಗೆಳೆಯಲು ಅವನೇನೂ ಕಷ್ಟಪಡಬೇಕಿರಲಿಲ್ಲ. ನಾನು ಸುಜಾತೆ, ಪಾಯಸದ ಬಟ್ಟಲು ಹಿಡಿದು ನಡೆದು ಬರಬೇಕು. ನಮ್ಮ ಮನೆಯಲ್ಲಿ ಹಾಲು ಎಲ್ಲಿಯದು? ಕೇರಿಯ ಪಕ್ಕದಲ್ಲೇ ಮನೆಯಿದ್ದ ಖಾಸಿಂಬಿ ತನ್ನ ಆಡಿನ ಹಾಲು ಕೊಟ್ಟಿದ್ದಳು. ಅದಕ್ಕೆ ಗೋಧಿ, ಬೆಲ್ಲ ಹಾಕಿ ಅವ್ವ ಕುದಿಸಿದ್ದಳು. ನಾನು ಎತ್ತಿಕೊಳ್ಳುವುದರೊಳಗೆ ಬಟ್ಟಲಿಗೆ ಇರುವೆ ಮುತ್ತಿದ್ದವು. ಆ ದಿನ ಜೀವ ತೆಗೆಯುವಂತಿಲ್ಲವಲ್ಲ. ಬುದ್ಧನಾಗಿ ಕುಳಿತಿದ್ದವನು ಕಣ್ಣು ತೆರೆದು, ಹುಲ್ಲಿನ ಕಡ್ಡಿಯಿಂದ ಒಂದೊಂದೇ ಇರುವೆಯನ್ನು ಎತ್ತಿ ಉಸುಕಿಗೆ ಬಿಡತೊಡಗಿದ. ಪಾಯಸ ಆರಿ ಗಟ್ಟಿಯಾಯಿತು, ಬಿಸಿಲು ನೆತ್ತಿಗೇರಿತು. ನಡುಹೊತ್ತು ದಾಟಿದರೆ ಅವನು ಉಣ್ಣುವಂತಿರಲಿಲ್ಲ, ಅದೂ ಭಿಕ್ಕು ಹೇಳಿದ ನೇಮ. ಇನ್ನೂ ಎಷ್ಟೋ ಇರುವೆ ಇರುವಾಗಲೇ ಹೊತ್ತು ವಾಲಿತು. ಅಪ್ಪ ಬಟ್ಟಲನ್ನು ನನ್ನ ಕೈಗೇ ಕೊಟ್ಟ. ಬಾಯಾರಿಗೆ ಮಾಫಿ ಐತಿ ಎಂದು ಹೇಳಿ, ತಾನು ಹೊಳೆಯ ನೀರು ಕುಡಿದ.

ಸಿಟ್ಟು ಮಾಡಿದವರು ಹೊಳೆಯಿಂದ ತಂಬಿಗೆ ನೀರು ತರಬೇಕೆಂದು ಪಂದ್ಯ ಕಟ್ಟಿದೆವು. ಅವ್ವ ನಾಲ್ಕಾರು ಸಲ ತಂದಳು, ನಾನೂ ತಂದೆ, ಅಪ್ಪ ಒಮ್ಮೆಯೂ ತರಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಸುಕಿನಲ್ಲಿ ಓಡಿದ. ಆಲಮೇಲದ ಬಸ್ಸಿನ ಕಂಡಕ್ಟರ್ ಹೇಗೆ ಮೂಗು ಮುಚ್ಚಿಕೊಂಡು ನಮ್ಮವರಿಗೆ ಟಿಕೀಟು ಹರಿಯುತ್ತಾನೆ ಎಂಬುದನ್ನು ಮಾಡಿ ತೋರಿಸಿದ. ನನಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು. ಹುಣ್ಣಿಮೆಯ ಚಂದ್ರ ಎದ್ದಾಗ ಮನೆಗೆ ಹೊರಟೆವು. ಅಗಸಿ ಕಂಡೊಡನೆ ಅವನು ನನ್ನನ್ನು ಹೆಗಲಿನಿಂದ ಇಳಿಸಿ, ಬೆನ್ನು ಬಾಗಿಸಿ ನಡೆದ.

ಆ ವರ್ಷದ ಮಳೆಗಾಲದಲ್ಲಿ ಗೌಡರ ತಾಯಿ ತೀರಿಕೊಂಡರು. ಹಲಗೆಗೆ ಕರೆ ಬಂತು. ಅಪ್ಪ ಹೋದ, ಕೈಯಲ್ಲಿ ಏನೂ ಇರಲಿಲ್ಲ. ಅಂಗಳದ ಹೊರಗೆ ನಿಂತು, "ಮಣ್ಣಿಗೆ ಬರ್ತೇನ್ರಿ ಯಪ್ಪಾ, ಮುದುಕಿ ನನಗೂ ರೊಟ್ಟಿ ಹಾಕ್ಯಾಳ. ಹಲಗಿ ಬಾರ್ಸೂದಿಲ್ರಿ," ಎಂದನಂತೆ. ಯಾರೂ ಅವನ ಮೈ ಮುಟ್ಟಲಿಲ್ಲ, ಬೈಯಲೂ ಇಲ್ಲ. ಬೇರೆ ಊರಿನಿಂದ ಹಲಗೆಯವರನ್ನು ತರಿಸಿದರು. ಸುಗ್ಗಿ ಬಂದಾಗ ಅಪ್ಪ ಎಂದಿನಂತೆ ಚೀಲ ಹಿಡಿದು ಕಣಕ್ಕೆ ಹೋದ. ರಾಶಿ ಮಾಡುತ್ತಿದ್ದವರು ತಲೆ ಎತ್ತಲಿಲ್ಲ. ಎಲ್ಲ ಕಣಗಳಲ್ಲೂ ಹಾಗೇ ಆಯಿತು. ಮಡಿಚಿದ ಚೀಲ ಮಡಿಚಿದಂತೆಯೇ ಮನೆಗೆ ಬಂತು.

ಅಂದಿನಿಂದ ಊರಿನ ಹೊಲಗಳಲ್ಲಿ ಬೌದ್ಧರ ಮನೆಯವರಿಗೆ ಕೂಲಿಯಿಲ್ಲ. ಅಪ್ಪ ಸಿಂದಗಿ ರಸ್ತೆಯಲ್ಲಿ ಖಡಿ ಕಲ್ಲು ಒಡೆಯಲು ಹೋಗತೊಡಗಿದ. ಅಂಗೈಯೆಲ್ಲ ಬಿರಿದು, ನನ್ನ ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಅವನೊಂದಿಗೆ ಇಂಡಿಗೆ ಹೋಗಿದ್ದವರು ಒಬ್ಬೊಬ್ಬರಾಗಿ ಗೌಡರ ಅಂಗಳಕ್ಕೆ ಹೋಗಿ ಕೈ ಮುಗಿದು ಬಂದರು. ಅಪ್ಪ ಯಾರನ್ನೂ ಹಳಿಯಲಿಲ್ಲ. "ಅವರ ಮನ್ಯಾಗೂ ಹೊಟ್ಟಿ ಅದಾವ," ಎನ್ನುತ್ತಿದ್ದ. ಎರಡನೆಯ ಹುಣ್ಣಿಮೆಗೆ ಹೊಳೆಗೆ ಎರಡು ಮನೆಯವರು ಬಂದಿದ್ದರು. ಮೂರನೆಯದಕ್ಕೆ ನಾವಷ್ಟೇ. ಆದರೆ ಆಗ ನಮಗೆ ತಮ್ಮ ಹುಟ್ಟಿದ್ದ. ಅಪ್ಪ ಅವನಿಗೆ ರಾಹುಲ ಎಂದು ಹೆಸರಿಟ್ಟಿದ್ದ. ಊರವರು ಆಗಲೇ ಅದನ್ನು ರಾವ್ಳ್ಯಾ ಮಾಡಿದ್ದರು. ಆ ಸಲ ಖಾಸಿಂಬಿಯೂ ಹಾಲು ಕೊಡಲು ಹೆದರಿದಳು. ಅವಳ ಆಡುಗಳು ಮೇಯುವುದು ಗೌಡರ ಬದುವಿನಲ್ಲಿ. ನೀರಲ್ಲೇ ಗೋಧಿ ಕುದಿಸಿ ಪಾಯಸ ಎಂದೆವು. ಅಪ್ಪ ಅದನ್ನು ಕಣ್ಣು ಮುಚ್ಚಿ ಉಂಡು, ಎಂಥಾ ಕೆನೆ ಐತ್ರಿ ಎಂದು ಹೊಗಳಿ, ತಮ್ಮನನ್ನು ಎದೆಯ ಮೇಲೆ ಮಲಗಿಸಿಕೊಂಡು ಉಸುಕಿನಲ್ಲೇ ಉರುಳಾಡಿದ.

ಅದಾಗಿ ಒಂದು ತಿಂಗಳಿಗೆ ಕಾರ ಹುಣ್ಣಿಮೆ. ಆ ದಿನ ಊರಲ್ಲಿ ಎತ್ತುಗಳಿಗೆ ಬಣ್ಣ ಬಳಿದು, ಹೂಡದೆ, ದುಡಿಸದೆ, ಸಂಜೆಗೆ ಅಗಸಿಗೆ ಅಡ್ಡ ಕಟ್ಟಿದ ಕರಿಯ ಹಗ್ಗ ಹರಿಯಲು ಓಡಿಸುತ್ತಾರೆ. ಎರಡು ದಿನದಿಂದ ತಮ್ಮನಿಗೆ ವಾಂತಿ ಭೇದಿ. ಅಳುವ ಶಕ್ತಿಯೂ ಹೋಗಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಂತಾಗಿತ್ತು. ದವಾಖಾನೆ ಇದ್ದದ್ದು ಸಿಂದಗಿಯಲ್ಲಿ. ಆಲಮೇಲದ ಬಸ್ಸು ಬೆಳಗ್ಗೆಯೇ ಹೋಗಿತ್ತು. ಹೊತ್ತುಕೊಂಡು ನಡೆದರೆ ಆ ಬಿಸಿಲಿಗೇ ಕೂಸು ಹೋಗುತ್ತದೆ ಎಂದು ಅವ್ವ ಅತ್ತಳು. ಅಪ್ಪ ಗೌಡರ ಮನೆಗೆ ಹೊರಟ. ನಾನು ಅವನ ಧೋತರ ಹಿಡಿದು ಹಿಂದೆ ಹೋದೆ.

ಗೌಡರು ಕಟ್ಟೆಯ ಮೇಲೆ ಕುಳಿತು ಎತ್ತಿನ ಕೋಡಿಗೆ ಬಣ್ಣ ಹಚ್ಚಿಸುತ್ತಿದ್ದರು. ಅಪ್ಪ ಹೇಳಿದ್ದನ್ನೆಲ್ಲ ಶಾಂತವಾಗಿ ಕೇಳಿದರು. ಅವರು ಕೆಟ್ಟ ಮನುಷ್ಯರೆಂದು ಅವರನ್ನು ಕಂಡ ಯಾರೂ ಹೇಳಲಾರರು.

"ಕೂಸಿನ ವಿಷಯದಾಗ ನಾ ಇಲ್ಲ ಅನ್ನಾಂವಲ್ಲೋ ಮಲ್ಲ್ಯಾ," ಎಂದರು. "ಇವತ್ತ ಎತ್ತ ಹೂಡಬಾರ್ದು. ಆದ್ರೂ ಹೂಡಸ್ತೇನಿ, ನಮ್ಮ ಆಳ ಗಾಡಿ ಹೊಡಕೊಂಡ ಹೋಗ್ತಾನ. ಉಳದ ಎತ್ತಿನ ಮುಂದ ನೀ ಹಲಗಿ ಹಿಡಿ. ನೇಮ ಮುರಿಯಾಂವ ನಾನೊಬ್ಬನ ಆದ್ರ ಹ್ಯಾಂಗ?"

"ನನ್ನ ಕಡೆ ಹಲಗಿ ಇಲ್ರಿ," ಎಂದ ಅಪ್ಪ.

ಗೌಡರು ಒಳಗೆ ಕೂಗಿ ಹೇಳಿದರು. ಒಬ್ಬ ಆಳು ಹಲಗೆ ತಂದು ಅಪ್ಪನ ಎದುರಿಗೆ ನೆಲದ ಮೇಲಿಟ್ಟ. ಹೊಸದು. ಚರ್ಮ ಇನ್ನೂ ಬೆಳ್ಳಗಿತ್ತು. ಯಾವತ್ತಾದರೂ ಬರುತ್ತಾನೆಂದು ಮಾಡಿಸಿಟ್ಟಿದ್ದರು.

ಗಾಡಿಯಲ್ಲಿ ಅವ್ವ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಸಿಂದಗಿಯ ಕಡೆ ಹೋದಳು. ಅಪ್ಪ ಹುಲ್ಲಿನ ಉರಿಗೆ ಹಲಗೆ ಕಾಸಿ, ಕೊರಳಿಗೆ ಹಾಕಿಕೊಂಡ. ನನಗೆ ಏಳು ವರ್ಷ. ಅಪ್ಪ ಬಾರಿಸಿದ್ದನ್ನು ನಾನು ನೆನಪಿಟ್ಟು ಕೇಳಿದ್ದು ಅದೇ ಮೊದಲು. ಬೇಕೆಂದರೂ ಅವನಿಗೆ ಕೆಟ್ಟದಾಗಿ ಬಾರಿಸಲು ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಮೊದಲು ನಿಧಾನವಾಗಿ ಬಿದ್ದ ಪೆಟ್ಟು ಆಮೇಲೆ ಒಂದರ ಮೇಲೊಂದು ಏರಿತು. ಎತ್ತುಗಳು ಕಿವಿ ನಿಮಿರಿಸಿದವು, ಗಂಡಸರು ಕುಣಿಯತೊಡಗಿದರು, ಮಾಳಿಗೆಯ ಮೇಲೆ ಹೆಂಗಸರು ತುಂಬಿದರು. ಎಲ್ಲರ ಕಣ್ಣೂ ಅವನ ಮೇಲೆ. ಊರಲ್ಲಿ ನಮ್ಮಪ್ಪನಷ್ಟು ದೊಡ್ಡವರು ಬೇರೆ ಯಾರೂ ಇಲ್ಲ ಎಂದು ನನಗೆ ಅನಿಸಿದ್ದು ಆ ಸಂಜೆ. ನಾನೂ ಗುಂಪಿನ ಅಂಚಿನಲ್ಲಿ ಕುಣಿದೆ. ಅಪ್ಪ ತಿರುಗುವಾಗ ನನ್ನನ್ನು ಕಂಡ. ಕೈ ನಿಲ್ಲಲಿಲ್ಲ, ಮುಖ ಮಾತ್ರ ಆಚೆ ತಿರುಗಿತು.

ಕರಿ ಹರಿದ ಮೇಲೆ ಹಲಗೆಯವರಿಗೆ ಕೊಡುವ ಸೆರೆಯನ್ನು ಕೊಟ್ಟರು. ಅಪ್ಪ ಕುಡಿದ.

ತಮ್ಮ ಉಳಿದ. ಮೂರನೆಯ ದಿನ ಅವ್ವ ಅವನನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದಳು, ಅವನು ಮೊಲೆಗೆ ಬಾಯಿ ಹಾಕುತ್ತಿದ್ದ. ಅವ್ವ ಹೋಗಿ ಗೌಡರ ಅಂಗಳದಲ್ಲಿ ಅಡ್ಡಬಿದ್ದು ಬಂದಳು. ಆ ಸುಗ್ಗಿಗೆ ಆಯದ ಜೋಳ ಮತ್ತೆ ಮನೆಗೆ ಬಂತು. ಅಪ್ಪನ ಬೆನ್ನು ಊರೊಳಗೂ ಹೊರಗೂ ಒಂದೇ ಆಯಿತು.

ಮುಂದಿನ ವರ್ಷ ಆಗಿ ಹುಣ್ಣಿಮೆಯ ದಿನ ನಾನೇ ಬೇಗ ಎದ್ದೆ. ಬಿಳಿ ಲಂಗ ಮೊಣಕಾಲಿಗೆ ಬರುತ್ತಿತ್ತು, ಆದರೂ ಹಾಕಿಕೊಂಡೆ. ಪಟ ಒರೆಸಿ ಕೈಯಲ್ಲಿ ಹಿಡಿದು ಅಪ್ಪನನ್ನು ಅಲುಗಿಸಿದೆ. ಹಿಂದಿನ ದಿನ ಯಾವುದೋ ಮದುವೆಗೆ ಬಾರಿಸಿ ಬಂದಿದ್ದ, ಬಾಯಿ ವಾಸನೆ ಬರುತ್ತಿತ್ತು. ಎದ್ದು ಕುಳಿತು ಪಟವನ್ನೂ ನನ್ನನ್ನೂ ನೋಡಿದ. ಹೊಳೆಗೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಇಲ್ಲ," ಎಂದ. "ಮಾಡಬಾರ್ದಾಗಿತ್ತು ಅನ್ನಾಕ ನನಗ ಬಾಯಿಲ್ಲವ್ವ. ಕೂಸು ಉಳಿತು. ಮಾಡಿದ್ದು ಛಲೋ ಆತು ಅನ್ನಾಕೂ ಬಾಯಿಲ್ಲ," ಎಂದು ಮಗ್ಗುಲಾದ. ನಾನು ಪಟವನ್ನು ಗೂಟಕ್ಕೆ ಸಿಕ್ಕಿಸಿ, ಲಂಗ ತೆಗೆದಿಟ್ಟು, ಅವ್ವನ ಜೊತೆ ಕೂಲಿಗೆ ಹೋದೆ.

ಹದಿನಾಲ್ಕಕ್ಕೆ ನನ್ನ ಮದುವೆಯಾಯಿತು. ಗಂಡ ಇಂಡಿಯ ಹತ್ತಿರ ರೈಲು ಹಳಿಯ ಮೇಲೆ ಗ್ಯಾಂಗಿನ ಕೆಲಸಕ್ಕಿದ್ದ. ಅವರ ಓಣಿಯವರೆಲ್ಲ ಬೌದ್ಧರು. ಸುಣ್ಣ ಬಳಿದ ಒಂದು ಕೋಣೆಯನ್ನೇ ವಿಹಾರ ಮಾಡಿಕೊಂಡಿದ್ದರು. ಹುಣ್ಣಿಮೆಗೆ ಬಾ ಎಂದು ಪ್ರತಿ ವರ್ಷ ಹೇಳಿ ಕಳಿಸುತ್ತಿದ್ದೆ. ಮೂರನೆಯ ವರ್ಷ ಅಪ್ಪ ಬಂದ. ಬಹಳ ಸೊರಗಿದ್ದ. ತಲೆಗೆ ಸುತ್ತಿದ ಪಟಗಾ ಮಾತ್ರ ತೊಳೆದು ಬಿಳಿಯಾಗಿತ್ತು. ನನ್ನ ಎರಡು ವರ್ಷದ ಮಗಳಿಗೆ ಪೆಪ್ಪರಮಿಂಟು ತಂದಿದ್ದ. ವಿಹಾರದ ತನಕ ಜೊತೆಗೆ ಬಂದವನು ಹೊರಗೆ ಬೇವಿನ ಗಿಡದ ಕೆಳಗೆ ನಿಂತುಬಿಟ್ಟ.

"ಒಳಗ ಬಾ ಅಪ್ಪಾ, ವಂದನಾ ಶುರು ಆಗತೈತಿ."

"ನೀ ಹೋಗವ್ವ. ನಾ ಇಲ್ಲೇ ಇರ್ತೇನಿ."

"ಯಾರೇನ ಅಂತಾರ? ಎಲ್ಲಾ ನಮ್ಮವರ ಅದಾರ."

"ಅದಕ್ಕಲ್ಲ," ಎಂದ. "ಒಳಗ ಕುಂತ್ರ ಸೆರಿ ಕುಡಿಯೂದಿಲ್ಲ ಅಂತ ಅನ್ನಬೇಕಾಗತೈತಿ. ಸಂಜಿಕ ಗೌಡ್ರ ಮನ್ಯಾಗ ಮದವಿ ಐತಿ, ಹಲಗಿಗೆ ಹೋಗಬೇಕು. ಅಲ್ಲಿ ಕುಡೀಲಾರ್ದ ನನ್ನ ಕೈ ಏಳೂದಿಲ್ಲ. ಬುದ್ಧನ ಮುಂದ ಸುಳ್ಳ ಬ್ಯಾರೆ ಯಾಕ ಹೇಳ್ಲಿ?"

ನಾನು ಒಳಗೆ ಹೋದೆ. ಎಲ್ಲರೂ ಕೈ ಮುಗಿದು ಶೀಲ ಹೇಳುತ್ತಿದ್ದರು. ಕಿಟಕಿಯಿಂದ ಗಿಡದ ಕೆಳಗಿನ ಅಪ್ಪ ಕಾಣುತ್ತಿದ್ದ. ನನ್ನ ಮಗಳು ಅವನ ಮಡಿಲೇರಿ ಪಟಗಾ ಕಿತ್ತು ಮಣ್ಣಿಗೆ ಹಾಕಿದಳು. ಅವನು ಎತ್ತಿಕೊಂಡು, ಝಾಡಿಸಿ, ಮತ್ತೆ ಸುತ್ತಿಕೊಂಡ. ಅವಳು ಇನ್ನೊಮ್ಮೆ ಕಿತ್ತಳು, ಅವನು ಇನ್ನೊಮ್ಮೆ ಸುತ್ತಿಕೊಂಡ. ಅವಳನ್ನು ನಗಿಸಲು ಅವನು ಏನೂ ಮಾಡಲಿಲ್ಲ. ಪಾಯಸ ಕೊಟ್ಟರೆ ಹಸಿವಿಲ್ಲವೆಂದ. ಮಧ್ಯಾಹ್ನದ ಬಸ್ಸಿಗೆ ಹೋದ. ಹೋಗುವಾಗ, ಇನ್ನು ಮೇಲೆ ಕರೆಯಬೇಡ, ಬರುವುದು ಬಹಳ ದೂರ ಆಗುತ್ತದೆ ಎಂದ. ನಾನು ಹೂಂ ಅಂದೆ.

ಅದೇ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಸುದ್ದಿ ನನಗೆ ಮುಟ್ಟಿ, ನಾನು ಊರಿಗೆ ಮುಟ್ಟುವುದರೊಳಗೆ ಮಣ್ಣಾಗಿತ್ತು. ಹೆಣದ ಮುಂದೆ ಹಲಗೆ ಬಾರಿಸಿದವನು ರಾಹುಲ. ಅವನಿಗೆ ಹತ್ತು ತುಂಬಿತ್ತೋ ಇಲ್ಲವೋ. ಅಪ್ಪನಿಗಿಂತ ಕೈ ಚುರುಕೈತಿ ಎಂದು ಗೌಡರೇ ಮೆಚ್ಚಿಕೊಂಡರೆಂದು ಅವ್ವ ಅಳುತ್ತಳುತ್ತಲೇ ಹೇಳಿದಳು. ಅವನನ್ನು ನನ್ನ ಜೊತೆ ಕಳಿಸು, ಇಂಡಿಯಲ್ಲಿ ಸಾಲೆಗೆ ಹಾಕುತ್ತೇನೆ ಎಂದು ಕೇಳಿದೆ.

"ಇಂವ ಹೋದ್ರ ಆಯ ಯಾರ ತರ್ತಾರ?" ಎಂದಳು ಅವ್ವ.

ನನ್ನ ಗಂಡನ ಪಗಾರದಲ್ಲಿ ಅವ್ವ, ತಮ್ಮ ಇಬ್ಬರನ್ನೂ ಸಾಕುವಂತಿರಲಿಲ್ಲ. ಅದನ್ನು ಅವ್ವನೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಮರುದಿನ ನಾನು ಹೊರಡುವಾಗ ರಾಹುಲ ಅಂಗಳದಲ್ಲಿ ಹುಲ್ಲು ಉರಿಸಿ ಹಲಗೆ ಕಾಸುತ್ತಿದ್ದ. ಯಾರದೋ ಮನೆಯ ಕರೆ ಬಂದಿತ್ತು. ಬಸ್ಸು ತಪ್ಪೀತು, ಲಗೂನ ಹೋಗಕ್ಕ, ಎಂದ. ಆಲಮೇಲದ ದಾರಿ ಹಿಡಿದು ಸ್ವಲ್ಪ ದೂರ ಬಂದಿರಬೇಕು, ಊರೊಳಗೆ ಹಲಗೆ ಶುರುವಾಯಿತು. ಗೌಡರು ಹೇಳಿದ್ದು ನಿಜವಿತ್ತು. ಹುಡುಗ ಬಹಳ ಚೆನ್ನಾಗಿ ಬಾರಿಸುತ್ತಿದ್ದ.